ವಿಟಮಿನ್ ಡಿ 14.2 ಬಂದಿದೆ, ಮಗನಿಗೆ ಏನು ಕೊಡಲಿ?

ಪ್ರಶ್ನೆ: ನನ್ನ ಮಗನಿಗೆ 3 ವರ್ಷ 4 ತಿಂಗಳು. ರಾತ್ರಿ ಮಲಗಿದ ಮೇಲೆ ಕಾಲು ನೋವು ಅಂತ ಅಳುತ್ತಾನೆ, ಸ್ವಲ್ಪ ಹೊತ್ತು ಒತ್ತಿದರೆ ನಿದ್ದೆ ಹೋಗುತ್ತಾನೆ. ಓಡುವಾಗ ಎರಡೂ ಮೊಣಕಾಲು ತಾಗುತ್ತವೆ. ನಿದ್ದೆಯಲ್ಲಿ ತಲೆ ತುಂಬಾ ಬೆವರುತ್ತದೆ. ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವವರ ಹತ್ತಿರ ಒಂದು ಪ್ಯಾಕೇಜ್ ಮಾಡಿಸಿದೆವು. ವಿಟಮಿನ್ ಡಿ 14.2 ಅಂತ ಕೆಂಪಕ್ಷರದಲ್ಲಿ ಬಂದಿದೆ, ಪಕ್ಕದಲ್ಲಿ ‘ಡಿಫಿಶಿಯೆಂಟ್’. ಆಲ್ಕಲೈನ್ ಫಾಸ್ಫಟೇಸ್ ಕೂಡ ಕೆಂಪಿನಲ್ಲೇ ಇದೆ. ಮೆಡಿಕಲ್ ಶಾಪಿನವರು 60,000ದ ಚಿಕ್ಕ ಬಾಟಲಿ ಕೊಟ್ಟು ವಾರಕ್ಕೊಂದರಂತೆ ಎಂಟು ವಾರ ಕುಡಿಸಿ ಎಂದರು. ಎರಡು ಕುಡಿಸಿ ಆಗಿದೆ. ನಮ್ಮ ಅತ್ತೆ, ಇದೆಲ್ಲ ಯಾಕೆ, ಬೆಳಗ್ಗೆ ಎಳೆಬಿಸಿಲಿಗೆ ನಿಲ್ಲಿಸು ಸಾಕು ಅನ್ನುತ್ತಾರೆ. ನಾದಿನಿ, ಆರು ಲಕ್ಷದ ಇಂಜೆಕ್ಷನ್ ಒಂದು ಹಾಕಿಸಿದರೆ ಮುಗಿಯಿತು ಅನ್ನುತ್ತಾಳೆ. ದಿನಾ ಮೂರು ಲೋಟ ಹಾಲು ಕುಡಿಯುತ್ತಾನೆ, ರಾಗಿ ತಿನ್ನುತ್ತಾನೆ. ಆದರೂ ಹೇಗೆ ಕಡಿಮೆಯಾಯಿತು? ನಾಲ್ಕು ತಿಂಗಳ ಮಗಳೂ ಇದ್ದಾಳೆ, ಬರೀ ಎದೆಹಾಲು. ಅವಳ ಡಿ ಡ್ರಾಪ್ಸ್ ‘ಉಷ್ಣ’ ಆಗುತ್ತದೆಂದು ನಿಲ್ಲಿಸಿದ್ದೇವೆ. ಅವಳಿಗೂ ಟೆಸ್ಟ್ ಮಾಡಿಸಬೇಕೆ?

ಉತ್ತರ: ಮೊದಲು ಆ ಬಾಟಲಿಗಳ ವಿಷಯ. ಕುಡಿಸಿ ಆಗಿರುವ ಎರಡರಿಂದ ತೊಂದರೆಯಿಲ್ಲ. ಮೂರನೆಯದನ್ನು ಮಕ್ಕಳ ವೈದ್ಯರು ನೋಡುವವರೆಗೆ ಕೊಡಬೇಡಿ. ಲೆಕ್ಕ ಹೀಗಿದೆ. ಒಂದು ವರ್ಷ ದಾಟಿದ ಮಗುವಿನಲ್ಲಿ ಕೊರತೆ ಖಚಿತವಾದರೆ ಕೊಡುವ ಡೋಸ್ ದಿನಕ್ಕೆ 3,000 ಐಯು (ವಿಟಮಿನ್ ಅಳೆಯುವ ಮಾನ; ಬಾಟಲಿಯ 60,000 ಕೂಡ ಇದೇ ಲೆಕ್ಕ), 12 ವಾರ. ಒಟ್ಟು 2,52,000. ನಿಮ್ಮ ಮಗನಿಗೆ ಎರಡು ವಾರದಲ್ಲಿ 1,20,000 ಹೋಗಿದೆ, ಅಂದರೆ 40 ದಿನದ ಔಷಧ. ಎಂಟೂ ಬಾಟಲಿ ಮುಗಿಸಿದರೆ 4,80,000 ಆಗುತ್ತದೆ, ಪೂರ್ತಿ ಚಿಕಿತ್ಸೆಯ ಹತ್ತಿರ ಹತ್ತಿರ ಎರಡರಷ್ಟು. ಎಂಟು ವಾರದ ಆ ಪದ್ಧತಿ ದೊಡ್ಡವರದು. ಮೂರು ವರ್ಷದ ಮಗುವಿಗೆ ಅದನ್ನು ಹಾಗೇ ಎತ್ತಿ ಹಾಕುವಂತಿಲ್ಲ.

ಈಗ 14.2. ಇದು ರಕ್ತದಲ್ಲಿ ಓಡಾಡುವ 25-ಹೈಡ್ರಾಕ್ಸಿ ವಿಟಮಿನ್ ಡಿಯ ಪ್ರಮಾಣ, ಒಂದು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು. ಲ್ಯಾಬುಗಳು ಸಾಮಾನ್ಯವಾಗಿ 20ಕ್ಕಿಂತ ಕೆಳಗಿದ್ದರೆ ಕೊರತೆ, 20ರಿಂದ 30 ಸಾಲದು, 30ರ ಮೇಲೆ ಸರಿ ಎಂದು ಅಚ್ಚು ಹಾಕಿರುತ್ತವೆ. ಮಕ್ಕಳಿಗೆ ನಾವು ನೋಡುವ ಗೆರೆ ಬೇರೆ. ಮಕ್ಕಳ ವೈದ್ಯರ ಸಂಘ ಐಎಪಿ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ 12ಕ್ಕಿಂತ ಕಡಿಮೆ ಇದ್ದರೆ ಕೊರತೆ, 12ರಿಂದ 20 ಇದ್ದರೆ ಸಾಲದು, 20 ದಾಟಿದರೆ ಸಾಕು. ನಿಮ್ಮ ಮಗ ನಡುವಿನ ಗುಂಪಿನವನು. ಒಂದೇ ರಕ್ತವನ್ನು ಎರಡು ಲ್ಯಾಬಿಗೆ ಕೊಟ್ಟರೆ ಎರಡು ಮೂರು ಅಂಕಿ ಆಚೀಚೆ ಆಗುವುದು ಈ ಟೆಸ್ಟಿನಲ್ಲಿ ಮಾಮೂಲು. ಹಾಗಾಗಿ 14.2 ಕಣ್ಣಿಗೆ ಕಂಡಷ್ಟು ಕರಾರುವಾಕ್ಕಾದ ಸಂಖ್ಯೆಯೂ ಅಲ್ಲ. (ಇಂಗ್ಲೆಂಡಿನಲ್ಲಿರುವವರ ರಿಪೋರ್ಟು ನ್ಯಾನೋಮೋಲ್ ಲೆಕ್ಕದಲ್ಲಿ ಬರುತ್ತದೆ. 14.2 ಅಲ್ಲಿ ಸುಮಾರು 35 ಎಂದು ಕಾಣುತ್ತದೆ. ಊರಿನ ಅಣ್ಣನ ಮಗನ ರಿಪೋರ್ಟಿನ ಜೊತೆ ಹೋಲಿಸಿ ಗಾಬರಿಯಾಗುವವರೂ ಇದ್ದಾರೆ, ಖುಷಿಪಡುವವರೂ ಇದ್ದಾರೆ. ಅಲ್ಲಿಯ ಸಂಖ್ಯೆಯನ್ನು 2.5ರಿಂದ ಭಾಗಿಸಿಕೊಂಡು ನೋಡಿ.)

ಕೊರತೆ ಅಪರೂಪವೂ ಅಲ್ಲ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 12ಕ್ಕಿಂತ ಕಡಿಮೆ ಇದ್ದವರು 1ರಿಂದ 4 ವರ್ಷದವರಲ್ಲಿ ಶೇ 14, 5ರಿಂದ 9ರವರಲ್ಲಿ ಶೇ 18, 10ರಿಂದ 19ರವರಲ್ಲಿ ಶೇ 24. ಬೆಳೆಯುತ್ತ ಹೋದಂತೆ ಹೆಚ್ಚುತ್ತಿದೆ ನೋಡಿ. ಸ್ಕೂಲು, ಟ್ಯೂಷನ್ನು, ಮೈತುಂಬ ಬಟ್ಟೆ. ಆದರೆ ಇವರಲ್ಲಿ ಬಹುಪಾಲು ಮಕ್ಕಳಿಗೆ ಮೂಳೆಯ ರೋಗ ಇರುವುದಿಲ್ಲ. ರಕ್ತದಲ್ಲಿ ಕಡಿಮೆ ಇರುವುದು ಒಂದು, ಮೂಳೆ ಮೆತ್ತಗಾಗುವ ರಿಕೆಟ್ಸ್ ಬೇರೊಂದು. ಎರಡರ ನಡುವೆ ಅಂತರವಿದೆ, ಮತ್ತು ಚಿಕಿತ್ಸೆ ಎಷ್ಟು ಬೇಕೆಂದು ತೀರ್ಮಾನವಾಗುವುದು ಮೂಳೆಯನ್ನು ನೋಡಿದ ಮೇಲೆ.

ಮೂಳೆ ನೋಡುವುದು ಅಂದರೆ ಮೊದಲು ಕೈಯಿಂದ ಮುಟ್ಟಿ ನೋಡುವುದು. ನೀವೇ ಮಗನ ಮಣಿಕಟ್ಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ನೋಡಿ. ರಿಕೆಟ್ಸ್ ಇರುವ ಮಗುವಿನಲ್ಲಿ ಅಂಗೈ ಶುರುವಾಗುವ ಮುಂಚೆ ಮೂಳೆಯ ತುದಿ ದಪ್ಪವಾಗಿ, ಚರ್ಮದ ಕೆಳಗೆ ಬಳೆ ತೊಡಿಸಿದ ಹಾಗೆ ಉಬ್ಬಿರುತ್ತದೆ. ಎದೆಯ ಎರಡೂ ಕಡೆ ಪಕ್ಕೆಲುಬು ಮುಗಿಯುವಲ್ಲಿ ಬೆರಳಾಡಿಸಿದರೆ ಜಪಮಣಿಯಂತೆ ಒಂದರ ಕೆಳಗೊಂದು ಗಂಟು ಸಿಗುತ್ತದೆ. ನಡೆಯಲು ತಡವಾಗಿರುತ್ತದೆ, ನಡಿಗೆ ಬಾತುಕೋಳಿಯಂತೆ ತೊನೆಯುತ್ತದೆ, ಮೆಟ್ಟಿಲು ಹತ್ತುವಾಗ ಕೈ ಊರುತ್ತದೆ. ಇವು ಯಾವುದೂ ಇಲ್ಲದ, ದಿನವಿಡೀ ಕುಣಿದಾಡುವ ಮಗುವಿನಲ್ಲಿ 14.2 ಎನ್ನುವುದು ಸರಿಪಡಿಸಿಕೊಳ್ಳಬೇಕಾದ ವಿಷಯ, ಹೆದರಬೇಕಾದದ್ದಲ್ಲ.

ನಿಮ್ಮ ಮೂರು ಲಕ್ಷಣಗಳನ್ನು ನೋಡೋಣ. ಮೊಣಕಾಲು ತಾಗುವುದು: ಮಕ್ಕಳ ಕಾಲು ಹುಟ್ಟುವಾಗ ಹೊರಗೆ ಬಾಗಿರುತ್ತದೆ, ಒಂದೂವರೆ ಎರಡು ವರ್ಷದ ಹೊತ್ತಿಗೆ ನೆಟ್ಟಗಾಗುತ್ತದೆ, ಆಮೇಲೆ ಒಳಗೆ ಬಾಗುತ್ತದೆ. ಮೂರರಿಂದ ನಾಲ್ಕು ವರ್ಷದಲ್ಲಿ ಅದು ಅತಿ ಹೆಚ್ಚು. ಏಳರ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ನಿಮ್ಮ ಮಗ ಸರಿಯಾಗಿ ಆ ವಯಸ್ಸಿನಲ್ಲೇ ಇದ್ದಾನೆ. ಗೋಡೆಗೆ ಒರಗಿಸಿ, ಮಂಡಿಚಿಪ್ಪು ಮುಂದೆ ನೋಡುವಂತೆ ನಿಲ್ಲಿಸಿ, ಎರಡೂ ಮೊಣಕಾಲು ಆಗಷ್ಟೇ ತಾಗುವಂತೆ ಇಟ್ಟು, ಪಾದದ ಗಂಟಿನ ಒಳಬದಿಯ ಉಬ್ಬುಗಳ ನಡುವೆ ಟೇಪಿನಿಂದ ಅಳೆಯಿರಿ. 8 ಸೆಂ.ಮೀ. ಒಳಗಿದ್ದು ಎರಡೂ ಕಾಲು ಒಂದೇ ರೀತಿ ಇದ್ದರೆ ಮೂರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಲ್ಲಿಸಿ ಫೋಟೋ ತೆಗೆದಿಟ್ಟುಕೊಳ್ಳಿ, ಸಾಕು. ಒಂದೇ ಕಾಲು ಬಾಗಿದ್ದರೆ, ಅಂತರ ಹೆಚ್ಚುತ್ತಾ ಹೋದರೆ, ಅಥವಾ ಮಗು ವಯಸ್ಸಿಗಿಂತ ತೀರಾ ಗಿಡ್ಡವಿದ್ದರೆ ಎಕ್ಸ್‌ರೇ ಬೇಕು. ವಿಶೇಷ ಬೂಟು, ಪಟ್ಟಿ ಯಾವುದೂ ಬೇಡ.

ರಾತ್ರಿಯ ಕಾಲುನೋವು: ಎರಡೂ ಕಾಲು, ಸಂಜೆಯ ಮೇಲೆ, ಒತ್ತಿದರೆ ಕಡಿಮೆ, ಬೆಳಗ್ಗೆ ಏನೂ ಆಗಿಲ್ಲವೆಂಬಂತೆ ಓಟ. ಇದು ಬೆಳೆಯುವ ಮಕ್ಕಳ ನೋವು, ಡಿ ಸರಿಯಾಗಿರುವ ಮಕ್ಕಳಲ್ಲೂ ಇಷ್ಟೇ ಸಾಮಾನ್ಯ. ಬಾಟಲಿ ಕುಡಿಸಿದ ಮೇಲೂ ನೋವು ನಿಲ್ಲದಿದ್ದರೆ ಔಷಧ ಕೆಲಸ ಮಾಡಲಿಲ್ಲವೆಂದು ಇನ್ನಷ್ಟು ಕುಡಿಸುವುದು, ಇಲ್ಲಿ ಆಗುವ ತಪ್ಪು. ಆದರೆ ಒಂದೇ ಕಾಲಿನ ನೋವು, ಬೆಳಗ್ಗೆಯೂ ಕುಂಟುವುದು, ಕೀಲು ಊತ, ಬಿಟ್ಟು ಬಿಟ್ಟು ಜ್ವರ, ಮುಖ ಬಿಳಿಚಿಕೊಳ್ಳುವುದು, ಇವುಗಳಲ್ಲಿ ಒಂದಿದ್ದರೂ ಅದನ್ನು ವಿಟಮಿನ್ ಲೆಕ್ಕಕ್ಕೆ ಹಾಕಬೇಡಿ. ಕೀಲಿನ, ರಕ್ತದ ಕಾಯಿಲೆಗಳು ಹೀಗೂ ಶುರುವಾಗುತ್ತವೆ. ಅದೇ ವಾರ ತೋರಿಸಿ.

ತಲೆ ಬೆವರುವುದು: ಹಳೆಯ ಪುಸ್ತಕಗಳಲ್ಲಿ ರಿಕೆಟ್ಸಿನ ಲಕ್ಷಣವೆಂದು ಇದೆ ನಿಜ. ಗಾಢ ನಿದ್ದೆಯಲ್ಲಿ ಆರೋಗ್ಯವಂತ ಮಕ್ಕಳ ತಲೆಯೂ ದಿಂಬು ತೋಯುವಷ್ಟು ಬೆವರುತ್ತದೆ. ಇದೊಂದರಿಂದ ಏನೂ ಹೇಳಲಾಗದು.

ಕೆಂಪಿನಲ್ಲಿ ಬಂದ ಆಲ್ಕಲೈನ್ ಫಾಸ್ಫಟೇಸ್ ಬಗ್ಗೆ ಒಂದು ಮಾತು. ಇದು ಮೂಳೆ ಕಟ್ಟುವ ಜೀವಕೋಶಗಳಿಂದ ಬರುವ ಕಿಣ್ವ. ಬೆಳೆಯುವ ಮಕ್ಕಳಲ್ಲಿ ದೊಡ್ಡವರಿಗಿಂತ ಎರಡು ಮೂರು ಪಟ್ಟು ಇರುವುದೇ ಸಹಜ. ಪ್ಯಾಕೇಜ್ ರಿಪೋರ್ಟಿನ ಬಲಗಡೆ ಅಚ್ಚಾಗಿರುವ ‘ನಾರ್ಮಲ್’ ಅನೇಕ ಬಾರಿ ದೊಡ್ಡವರದ್ದಾಗಿರುತ್ತದೆ, ಯಂತ್ರ ಅದನ್ನೇ ಹಿಡಿದು ಕೆಂಪು ಮಾಡುತ್ತದೆ. ವೈದ್ಯರಿಗೆ ರಿಪೋರ್ಟಿನ ಮೂಲಪ್ರತಿ ತೋರಿಸಿ, ಮಗುವಿನ ವಯಸ್ಸಿನ ಮಿತಿಗೆ ಹೋಲಿಸಿ ನೋಡಲಿ. ಅದು ವಯಸ್ಸಿಗೂ ಮೀರಿ ಹೆಚ್ಚಿದ್ದರೆ ಮಾತ್ರ ಮುಂದಿನ ಹೆಜ್ಜೆ: ಮಣಿಕಟ್ಟು ಅಥವಾ ಮೊಣಕಾಲಿನ ಒಂದು ಎಕ್ಸ್‌ರೇ, ಕ್ಯಾಲ್ಸಿಯಂ, ಫಾಸ್ಫರಸ್, ಕಿಡ್ನಿ ನೋಡುವ ಕ್ರಿಯಾಟಿನಿನ್, ಬೇಕಾದರೆ ಪಿಟಿಎಚ್ (ರಕ್ತದ ಕ್ಯಾಲ್ಸಿಯಂ ನಿಯಂತ್ರಿಸುವ ಹಾರ್ಮೋನ್). ರಿಕೆಟ್ಸ್ ಇದ್ದರೆ ಎಕ್ಸ್‌ರೇಯಲ್ಲಿ ಮೂಳೆಯ ತುದಿ ಬಟ್ಟಲಿನಂತೆ ಗುಳಿಬಿದ್ದು, ಅಂಚು ಸವೆದ ಪೊರಕೆಯಂತೆ ಸಿಬಿರು ಸಿಬಿರಾಗಿ ಕಾಣುತ್ತದೆ.

ಹಾಲು, ರಾಗಿ ಇದ್ದೂ ಡಿ ಯಾಕೆ ಕಡಿಮೆಯಾಯಿತು? ಎರಡೂ ಕೊಡುವುದು ಕ್ಯಾಲ್ಸಿಯಂ. 100 ಗ್ರಾಂ ರಾಗಿಯಲ್ಲಿ 364 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ವಿಟಮಿನ್ ಡಿ ಇಲ್ಲ. ಸಾಮಾನ್ಯ ಹಾಲಿನಲ್ಲಿ ಡಿ ಇಲ್ಲವೆನ್ನುವಷ್ಟು ಕಡಿಮೆ. ಪ್ಯಾಕೆಟ್ಟಿನ ಮೇಲೆ ನೀಲಿ ಬಣ್ಣದ ‘ಪ್ಲಸ್ ಎಫ್’ ಗುರುತಿದ್ದರೆ ಅದು ಡಿ ಸೇರಿಸಿದ ಹಾಲು, ಲೀಟರಿಗೆ 200ರಿಂದ 300 ಐಯು. ಲೋಟಕ್ಕೆ 40ರಿಂದ 60 ಅಷ್ಟೇ, ಬೇಕಾದದ್ದು ದಿನಕ್ಕೆ 600. ಮೊಟ್ಟೆಯ ಹಳದಿಯಲ್ಲಿ ಸುಮಾರು 40. ಬೂತಾಯಿ, ಬಂಗುಡೆಯಂಥ ಎಣ್ಣೆಯಂಶದ ಮೀನು ತಿನ್ನುವ ಮನೆಗಳಿಗೆ ಸ್ವಲ್ಪ ಅನುಕೂಲ. ಸಸ್ಯಾಹಾರಿ ಊಟದಲ್ಲಿ ಡಿ ಹುಡುಕುವುದು ವ್ಯರ್ಥ, ಅದು ಚರ್ಮದಲ್ಲೇ ತಯಾರಾಗಬೇಕು.

ಅತ್ತೆಯವರ ಎಳೆಬಿಸಿಲಿಗೆ ಬರೋಣ. ಅರ್ಧ ಸರಿ. ಬಿಸಿಲು ಬೇಕು ಎನ್ನುವುದು ಸರಿ, ಹೊತ್ತು ತಪ್ಪು. ಚರ್ಮದಲ್ಲಿ ಡಿ ತಯಾರಾಗಲು ಬೇಕಾದ ಯುವಿ-ಬಿ ಕಿರಣ ಸೂರ್ಯ ಓರೆಯಾಗಿದ್ದಾಗ ವಾತಾವರಣದ ಓಝೋನಿನಲ್ಲೇ ಹೀರಿಹೋಗುತ್ತದೆ. ಬೆಳಗ್ಗೆ ಏಳರ ಬಿಸಿಲು ಮೈಗೆ ಹಿತ, ಡಿ ಲೆಕ್ಕಕ್ಕೆ ಹೆಚ್ಚುಕಡಿಮೆ ಸೊನ್ನೆ. ಗಡಿಯಾರ ಬೇಡ, ನೆರಳು ನೋಡಿ: ಮಗುವಿನ ನೆರಳು ಮಗುವಿಗಿಂತ ಗಿಡ್ಡ ಇರುವಾಗಿನ ಬಿಸಿಲು ಕೆಲಸಕ್ಕೆ ಬರುವ ಬಿಸಿಲು. ಬೆಂಗಳೂರಿನಲ್ಲಿ ಡಿಸೆಂಬರಿನಲ್ಲೂ ಇದು ಸುಮಾರು ಹತ್ತೂವರೆಯಿಂದ ಎರಡು ಗಂಟೆಯವರೆಗೆ ಸಿಗುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಲಂಡನ್ನಿನಲ್ಲಿ ಅಕ್ಟೋಬರಿನಿಂದ ಮಾರ್ಚಿನವರೆಗೆ ಸಿಗುವುದೇ ಇಲ್ಲ. ಅದಕ್ಕೇ ಅಲ್ಲಿ 1ರಿಂದ 4 ವರ್ಷದ ಮಕ್ಕಳಿಗೆಲ್ಲ ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಐಯು, ಕೊಡಿ ಎನ್ನುತ್ತಾರೆ. ನಮ್ಮ ಕಂದುಬಣ್ಣಕ್ಕೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬೇಕು ಕೂಡ.

ಕಿಟಕಿಯ ಗಾಜು ಯುವಿ-ಬಿಯನ್ನು ತಡೆಯುತ್ತದೆ. ಹಾಲ್‌ನಲ್ಲಿ ಎಷ್ಟು ಬಿಸಿಲು ಬಿದ್ದರೂ ಗಾಜು ಮುಚ್ಚಿದ್ದರೆ ಅದು ಬೆಳಕು ಮಾತ್ರ. ಅಂಗಿ ತೋಳು ಮಡಚಿ, ಚಡ್ಡಿಯಲ್ಲಿ, ಟೆರೇಸಿನಲ್ಲೋ ಅಂಗಳದಲ್ಲೋ ಇಪ್ಪತ್ತು ಮೂವತ್ತು ನಿಮಿಷ ಆಡಲಿ, ವಾರದಲ್ಲಿ ನಾಲ್ಕೈದು ದಿನ. ತಲೆಗೆ ಟೋಪಿ ಇರಲಿ, ಚರ್ಮ ಬಿಸಿಯಾಗಿ ಕೆಂಪಾಗುವ ಮುಂಚೆ ಒಳಗೆ ಕರೆಯಿರಿ. ಆರು ತಿಂಗಳ ಒಳಗಿನ ಕೂಸನ್ನು ಮಾತ್ರ ಈ ಬಿಸಿಲಿಗೆ ಹಿಡಿಯಬೇಡಿ. ಎಣ್ಣೆ ಹಚ್ಚಿ ನೀರೆರೆದ ಮೇಲೆ ಎಳೆಬಿಸಿಲಿನಲ್ಲಿ ಆಡಿಸುವುದು ನಡೆಯಲಿ, ಅದರಿಂದ ಡಿ ಬಂತೆಂದು ಮಾತ್ರ ಲೆಕ್ಕ ಹಾಕಬೇಡಿ.

ಈಗ ನಿಮ್ಮ ಮುಂದಿರುವ ದಾರಿಗಳು. ವೈದ್ಯರು ಪರೀಕ್ಷಿಸಿ ಮೂಳೆ ಸರಿ ಇದೆ ಎಂದರೆ, ಈಗಾಗಲೇ ಹೋಗಿರುವ 1,20,000ದ ಮೇಲೆ ದೊಡ್ಡ ಡೋಸ್ ಬೇಕಾಗುವುದು ಕಡಿಮೆ. ಬಿಸಿಲು, ಜೊತೆಗೆ ದಿನಕ್ಕೆ 400ರಿಂದ 600 ಐಯು ಡ್ರಾಪ್ಸ್ ಕೆಲವು ತಿಂಗಳು, ಇಷ್ಟರಲ್ಲೇ ಮುಗಿಯಬಹುದು. ನನ್ನ ಒಲವು ಇದರ ಕಡೆಗೇ. ರಿಕೆಟ್ಸ್ ಇದೆ ಎಂದಾದರೆ ದಿನಕ್ಕೆ 3,000, 12 ವಾರ, ಜೊತೆಗೆ ದಿನಕ್ಕೆ ಕನಿಷ್ಠ 500 ಮಿ.ಗ್ರಾಂ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಬಿಟ್ಟು ಡಿ ಮಾತ್ರ ಕೊಟ್ಟರೆ, ಹಸಿದ ಮೂಳೆ ರಕ್ತದಲ್ಲಿದ್ದ ಕ್ಯಾಲ್ಸಿಯಂ ಎಳೆದುಕೊಂಡು ಫಿಟ್ಸ್ ಬರಬಹುದು. ದಿನಾ ಕೊಡುವುದು ಆಗುವುದೇ ಇಲ್ಲ, ಅಪ್ಪ ಅಮ್ಮ ಇಬ್ಬರೂ ಪಾಳಿ ಕೆಲಸದವರು ಎನ್ನುವಂಥ ಮನೆಗಳಿಗೆ ವಾರಕ್ಕೊಮ್ಮೆಯ 60,000 ಒಂದು ದಾರಿ. ಅದೂ ಎಷ್ಟು ವಾರವೆಂದು ಚೀಟಿಯಲ್ಲಿ ಬರೆದಿರಬೇಕು, ನಿಲ್ಲಿಸುವ ತಾರೀಖು ಇರಬೇಕು. ನಾವು ನೋಡುವ ತೊಂದರೆಯೆಲ್ಲ ನಿಲ್ಲಿಸುವ ತಾರೀಖಿಲ್ಲದ ಚೀಟಿಯದೇ. ಮೂರು ತಿಂಗಳ ಸರಿಯಾದ ಚಿಕಿತ್ಸೆಗೂ ಎಕ್ಸ್‌ರೇ ಸುಧಾರಿಸದಿದ್ದರೆ ಡೋಸ್ ಏರಿಸುವುದಲ್ಲ, ಕಾರಣ ಹುಡುಕುವುದು: ಕಿಡ್ನಿಯಿಂದ ಫಾಸ್ಫೇಟ್ ಸೋರಿಹೋಗುವ ವಂಶವಾಹಿ ರಿಕೆಟ್ಸ್, ಕಿಡ್ನಿ, ಲಿವರ್ ತೊಂದರೆ, ಗೋಧಿ ಒಗ್ಗದ ಸೀಲಿಯಾಕ್, ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಫಿನೋಬಾರ್ಬಿಟೋನ್.

ಆರು ಲಕ್ಷದ ಇಂಜೆಕ್ಷನ್ ಬೇಡ. ಮಾಂಸಖಂಡದೊಳಗಿನ ಎಣ್ಣೆಯಿಂದ ಅದು ಯಾವಾಗ ಎಷ್ಟು ಬಿಡುಗಡೆಯಾಗುತ್ತದೆಂದು ಹೇಳಲಾಗದು, ಮತ್ತು ಒಳಗೆ ಹೋದದ್ದನ್ನು ವಾಪಸ್ ತೆಗೆಯಲಾಗದು. ಡಿ ಕೊಬ್ಬಿನಲ್ಲಿ ಕೂಡಿಟ್ಟುಕೊಳ್ಳುವ ವಿಟಮಿನ್. ಹೆಚ್ಚಾದದ್ದು ಬಿ ಕಾಂಪ್ಲೆಕ್ಸಿನಂತೆ ಮೂತ್ರದಲ್ಲಿ ಹೋಗುವುದಿಲ್ಲ, ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ. ಊಟ ಬಿಡುವುದು, ವಾಂತಿ, ಗಟ್ಟಿ ಮಲ, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಂಕು ಕವಿದಂತಿರುವುದು ಅದರ ಗುರುತು. ಡಿ ಕೊಡುತ್ತಿರುವ ಮಗುವಿನಲ್ಲಿ ಇವು ಕಂಡರೆ ಎಲ್ಲ ಬಾಟಲಿಗಳನ್ನೂ ಚೀಲಕ್ಕೆ ಹಾಕಿಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಿ.

ಎಲ್ಲ ಬಾಟಲಿ ಎಂದದ್ದಕ್ಕೆ ಕಾರಣವಿದೆ. ಕ್ಯಾಲ್ಸಿಯಂ ಸಿರಪ್ಪುಗಳಲ್ಲಿ ಬಹುತೇಕ ಡಿ3, ಅಂದರೆ ಇದೇ ವಿಟಮಿನ್ ಡಿ, ಸೇರಿಯೇ ಇರುತ್ತದೆ. ಮಲ್ಟಿವಿಟಮಿನ್ನಿನಲ್ಲಿ ಇರುತ್ತದೆ, ಹಾಲಿಗೆ ಬೆರೆಸುವ ಪುಡಿಯಲ್ಲೂ ಇರುತ್ತದೆ. ಲೇಬಲ್ ನೋಡಿ ಕೂಡಿಸಿ. ನಿಮ್ಮ ಮಗನಿಗೆ ಕ್ಯಾಲ್ಸಿಯಂ ಸಿರಪ್ ಸದ್ಯ ಬೇಡ: ಮೂರು ಲೋಟ ಹಾಲಿನಲ್ಲೇ ಸುಮಾರು 700 ಮಿ.ಗ್ರಾಂ ಬರುತ್ತದೆ, ಈ ವಯಸ್ಸಿಗೆ ಬೇಕಾದದ್ದು 500ರಿಂದ 550. ಹಾಲನ್ನು ಎರಡು ಲೋಟಕ್ಕೆ ಇಳಿಸುವುದೇ ಮೇಲು. ಹಾಲಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ಮಕ್ಕಳಲ್ಲಿ ಕಬ್ಬಿಣಾಂಶ ಕಡಿಮೆಯಾಗುತ್ತದೆ. ಅದೇ ಪ್ಯಾಕೇಜಿನಲ್ಲಿ ಹಿಮೋಗ್ಲೋಬಿನ್ ಎಷ್ಟು ಬಂದಿದೆ ನೋಡಿ, 11ಕ್ಕಿಂತ ಕಡಿಮೆ ಇದ್ದರೆ ಡಿಗಿಂತ ಮೊದಲು ಅದರ ಬಗ್ಗೆ ವೈದ್ಯರನ್ನು ಕೇಳಿ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟು ಬಳಸಿದರೆ ಅದರ ಕ್ಯಾಲ್ಸಿಯಂ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ.

ರಕ್ತಪರೀಕ್ಷೆ ಈಗ ಮತ್ತೆ ಮಾಡಿಸಬೇಡಿ. ಎರಡು ದೊಡ್ಡ ಡೋಸ್ ಹೋದ ಬೆನ್ನಿಗೆ ಸಂಖ್ಯೆ ಮೇಲೆ ಜಿಗಿದಿರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಬೇಕೆನಿಸಿದರೆ ಮೂರು ತಿಂಗಳ ಮೇಲೆ.

ಕೊನೆಗೆ ಮಗಳು. ಅವಳಿಗೆ ಟೆಸ್ಟ್ ಬೇಡ, ಡ್ರಾಪ್ಸ್ ಬೇಕು, ಇವತ್ತಿನಿಂದಲೇ. ಎದೆಹಾಲಿನಲ್ಲಿ ಡಿ ಲೀಟರಿಗೆ 100 ಐಯುವನ್ನೂ ಮುಟ್ಟುವುದಿಲ್ಲ, ಕೂಸಿಗೆ ಬೇಕಾದದ್ದು ದಿನಕ್ಕೆ 400. ಹಾಲಿನ ದೋಷವಲ್ಲ ಇದು, ಬಿಸಿಲಿನಿಂದ ಬರಲಿ ಎಂದು ಪ್ರಕೃತಿ ಬಿಟ್ಟ ಜಾಗ. ಬಾಣಂತನದ ಕೋಣೆಗೆ ಬಿಸಿಲು ಬರುವುದಿಲ್ಲ. ದಿನಕ್ಕೆ 400 ಐಯುನಿಂದ ಉಷ್ಣ, ಭೇದಿ, ಹಲ್ಲು ತಡ ಯಾವುದೂ ಆಗುವುದಿಲ್ಲ. ಒಂದು ವರ್ಷ ತುಂಬುವವರೆಗೆ ಕೊಡಿ. ಮುಷ್ಟಿ ಬಿಗಿದುಕೊಳ್ಳುವುದು, ಉಸಿರೆಳೆಯುವಾಗ ಕೀರಲು ಸದ್ದು, ಜ್ವರವಿಲ್ಲದೆ ಫಿಟ್ಸ್ ಕಂಡರೆ ಮಾತ್ರ ಕಾಯದೆ ಆಸ್ಪತ್ರೆಗೆ ಓಡಿ. ಕ್ಯಾಲ್ಸಿಯಂ ಬಿದ್ದುಹೋದ ಕೂಸುಗಳು ಹೀಗೆ ಬರುತ್ತವೆ.

ಕೊಡುವಾಗ ಲೇಬಲ್ ಓದಿ. ಕೆಲವು ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೆ 400, ಕೆಲವದರಲ್ಲಿ 1 ಮಿ.ಲೀ.ಗೆ 800 ಐಯು. ಎರಡನೆಯದಾದರೆ ಡ್ರಾಪರಿನಲ್ಲಿ 0.5ರ ಗೆರೆವರೆಗೆ ಮಾತ್ರ. ಕಂಪನಿ ಬದಲಾದಾಗ ಹಳೆಯ ಡ್ರಾಪರ್ ಎಸೆದು ಹೊಸದರ ಜೊತೆ ಬಂದದ್ದನ್ನೇ ಬಳಸಿ. ಈಗ ನಿಮ್ಮ ಮನೆಯಲ್ಲಿ ಎರಡು ಬಗೆಯ ಡಿ ಇದೆ, ಬಹುಶಃ ಒಂದೇ ಶೆಲ್ಫಿನಲ್ಲಿ. ಮಗನ ಚಿಕ್ಕ ಬಾಟಲಿಯಲ್ಲಿ 5 ಮಿ.ಲೀ.ಗೆ 60,000 ಎಂದರೆ ಒಂದು ಮಿಲಿಲೀಟರಿಗೆ 12,000. ನಿದ್ದೆಗಣ್ಣಿನಲ್ಲಿ ಯಾರಾದರೂ ಮಗಳ ಡ್ರಾಪರನ್ನು ಅದಕ್ಕೆ ಅದ್ದಿ ಒಂದು ಮಿ.ಲೀ. ಕುಡಿಸಿದರೆ ಕೂಸಿಗೆ ಒಂದೇ ಸಲ ಮೂವತ್ತು ದಿನದ ಡೋಸ್. ದಿನಾ ಹಾಗೇ ನಡೆದರೆ ಕೆಲವೇ ವಾರದಲ್ಲಿ ವಿಷ. ಉಳಿದಿರುವ ಆರು ಬಾಟಲಿಗಳನ್ನು ಇವತ್ತೇ ಒಂದು ಡಬ್ಬಿಗೆ ಹಾಕಿ, ಮೇಲೆ ಮಗನ ಹೆಸರು ಬರೆದು, ಬೀರುವಿನಲ್ಲಿಟ್ಟು ಬೀಗ ಹಾಕಿ. ವೈದ್ಯರ ಹತ್ತಿರ ಹೋಗುವಾಗ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ.